ಬಿಟ್ಟದ್ದೋ ಬಿಡಿಸಿದ್ದೋ

ಅಣ್ಣ,

ನನ್ನ ಮದುವೆಯ ಹಿಂದಿನ ವಾರ, ನನ್ನನ್ನು ಒಂದು ಮಾತೂ ಕೇಳದೆ ನೀನು ನನ್ನ ಗಿಟಾರನ್ನು ನಿನ್ನ ಬಾಮೈದನಿಗೆ ಕೊಟ್ಟೆ. "ಆ ಟೊಳ್ಳು ಪೆಟ್ಟಿಗೆ ಕಟ್ಕೊಂಡು ಗಂಡನ ಮನೆಗೆ ಹೋಗ್ತೀಯೇನೇ?" ಎಂದು ನಕ್ಕೆ. ಅಂದಿನಿಂದ ಬಂಧುಬಳಗಕ್ಕೆಲ್ಲ "ಗಿಟಾರ್ ನುಡಿಸೋದನ್ನ ಅವಳೇ ಬಿಟ್ಬಿಟ್ಟಳು" ಎಂದು ಹೇಳುತ್ತ ಬಂದಿದ್ದೀಯ.

ನಿನ್ನೆ ಗಿಟಾರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೊದಲು ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ತೋರಿಸಿದರು. ಅದು ಅಗ್ಗ, ಆದರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಬರೀ ಪಿಸುಗುಟ್ಟುತ್ತದೆ. ಒಡಲು ಟೊಳ್ಳಾಗಿರುವುದು ಕರೆಂಟಿಲ್ಲದೆಯೂ ಅಡುಗೆಮನೆ ತುಂಬುವಷ್ಟು ಹಾಡುತ್ತದೆ. ಹೊಸದು ಕೈಗೆಟುಕಲಿಲ್ಲ. ಅಂಚಿನ ಬಣ್ಣ ಹೋದ ಹಳೆಯದೊಂದನ್ನು, ತಂತಿ ಒತ್ತುವ ಕತ್ತು ನೆಟ್ಟಗಿದೆಯೇ ಎಂದು ನೋಡಿ ತಂದೆ.

ಮದುವೆಗೆ ಮುಂಚೆ ನುಡಿಸುತ್ತಿದ್ದೆ ಎಂದಾಗ, "ಇಷ್ಟು ವರ್ಷ ಯಾಕಮ್ಮಾ ಬಿಟ್ಟಿದ್ರಿ?" ಎಂದರು ಅಂಗಡಿಯವರು. "ನಾನೇ ಬಿಟ್ಟೆ" ಎಂದುಬಿಟ್ಟೆ. ನಿನ್ನ ಸುಳ್ಳು ನನಗೇ ಬಾಯಿಪಾಠವಾಗಿದೆ ನೋಡು!

ರಾತ್ರಿಯೆಲ್ಲ ನುಡಿಸಿ ಬೆರಳ ತುದಿಗಳು ಉರಿಯುತ್ತಿವೆ. ಹಳೆಯ ಗಿಟಾರ್ ಬೇಡ, ಅದನ್ನು ಬಾಮೈದನೇ ಇಟ್ಟುಕೊಳ್ಳಲಿ. ಭಾನುವಾರ ನಿನ್ನ ನಿವೃತ್ತಿಯ ಊಟಕ್ಕೆ ಎಲ್ಲರೂ ಬರುತ್ತಾರೆ, ನಾನೂ ಬರುತ್ತೇನೆ. ಉತ್ತರವನ್ನು ಪತ್ರದಲ್ಲಿ ಬರೆಯಬೇಡ. ಅಲ್ಲಿ ಎದ್ದುನಿಂತು ಎಲ್ಲರೆದುರು ಹೇಳು: ನಾನು ಬಿಟ್ಟೆನೇ, ನೀನು ಬಿಡಿಸಿದೆಯೇ?

ನಿನ್ನ ತಂಗಿ