ಹನ್ನೊಂದನೆಯ ನಂಬರಿನ ಅಂಗಿ

೧೯೪೪, ಜನವರಿ ೧೭, ಸೋಮವಾರ
ಉಣ್ಣೆ ಗಿರಣಿಯ ಫುಟ್ಬಾಲ್ ತಂಡದ ಅಂಗಿಗಳನ್ನು ಬೂದಿ ನೀರಲ್ಲಿ ನೆನೆಹಾಕಿದೆ. ಈ ಯುದ್ಧದಲ್ಲಿ ಸಾಬೂನು ಎಲ್ಲಿದೆ ಈಗ. ಹನ್ನೊಂದನೆಯ ನಂಬರು ನನ್ನ ಮಗ ಎಲಿಜಿಯೊನದು — ಎಡಗಡೆ ಓಡುವವನು. ಆಡುವಷ್ಟು ಕಾಲ ಗಿರಣಿಯವರು ‘ಇವನು ಇಲ್ಲಿಗೆ ಬೇಕಾದವನು’ ಅಂತ ಚೀಟಿ ಕೊಡುತ್ತಾರೆ. ಅದಿದ್ದರೆ ಜರ್ಮನರು ಅವನನ್ನು ತಮ್ಮ ದೇಶದ ಕೂಲಿಗೆ ಎಳೆದೊಯ್ಯುವಂತಿಲ್ಲ. ಆಟ ಹೋದರೆ ರೈಲು ಹತ್ತಬೇಕು. ಅಂಗಿಯ ಅಂಚು ಬಿಚ್ಚಿ, ದೇವಮಾತೆಯ ಪದಕ ಒಳಗಿಟ್ಟು ಹೊಲಿದೆ. ಯಾರಿಗೂ ಹೇಳಿಲ್ಲ.

ಜನವರಿ ೩೦, ಭಾನುವಾರ
ಆಟದಲ್ಲಿ ಮೊಣಕಾಲು ತಿರುಚಿಕೊಂಡ. ಹೊತ್ತು ತಂದರು. ಮೆಕ್ಕೆಜೋಳದ ಹಿಟ್ಟಿನ ಬಿಸಿ ಪೊಲೆಂಟಾ ಮುದ್ದೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದೆ.
"ಅಮ್ಮಾ, ಸುಡ್ತಿದೆ!"
"ಸುಡ್ಲಿ. ರಾತ್ರಿ ಊಟಾನೇ ನಿನ್ ಕಾಲಿಗೆ ಕಟ್ಟಿದೀನಿ, ಸುಮ್ನಿರು."
"ಕಾಲಿಗಾದ್ರೂ ಹೊಟ್ಟೆ ತುಂಬ್ತಲ್ಲ."

ಫೆಬ್ರವರಿ ೪
ಹನ್ನೊಂದರ ಅಂಗಿ ಇನ್ನು ನೆರೀನೊನಿಗಂತೆ. ಪಕ್ಕದ ಮನೆಯ ಕ್ಲೆಲಿಯಾಳ ಮಗ. ಬಟ್ಟೆ ಒಗೆಯುವಲ್ಲಿ ಅವಳು ಸಿಕ್ಕಿದಳು.
"ಅಕ್ಕಾ, ನಾನು ಯಾರನ್ನೂ ಕೇಳ್ಕೊಂಡಿಲ್ಲ."
"ದೇವಮಾತೆನ?"
ತಲೆ ತಗ್ಗಿಸಿದಳು. "ಅವಳನ್ನ ಕೇಳ್ಕೊಂಡೆ."
"ನಾನೂ ಕೇಳ್ಕೊಂಡಿದ್ದೆ ಕಣೇ. ಅವಳಾದ್ರೂ ಏನ್ ಮಾಡ್ತಾಳೆ, ಅಂಗಿ ಇರೋದು ಒಂದು."

ಫೆಬ್ರವರಿ ೫
ಪದಕ ತೆಗೆಯಲು ಕೂತೆ. ಎರಡು ಹೊಲಿಗೆ ಕತ್ತರಿಸಿದೆ. ಆ ಹುಡುಗ ಬೀಳಲಿ ಅಂತ ಮನಸ್ಸಿಗೆ ಬಂದೇಬಿಟ್ಟಿತು... ತಾಯೀ, ಕ್ಷಮಿಸು. ಮತ್ತೆ ಹೊಲಿದೆ. ಮೊದಲಿಗಿಂತ ಬಿಗಿ.

ಫೆಬ್ರವರಿ ೬, ಭಾನುವಾರ
ನೆರೀನೊ ಎರಡು ಗೋಲು ಹೊಡೆದ. ಕ್ಲೆಲಿಯಾ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಸಂಜೆ ಗಿರಣಿಯ ಮೇಸ್ತ್ರಿ ಬಂದು ಎಲಿಜಿಯೊನ ಚೀಟಿ ವಾಪಸು ತೆಗೆದುಕೊಂಡು ಹೋದ.

ಫೆಬ್ರವರಿ ೯, ಬೆಳಗ್ಗೆ
ನಾಳೆ ಜರ್ಮನರು ಎಲಿಜಿಯೊನನ್ನು ಕರೆದೊಯ್ಯಲು ಬರುತ್ತಾರಂತೆ. ಬೆಟ್ಟದಲ್ಲಿ ನನ್ನಣ್ಣನ ಕುರಿದೊಡ್ಡಿ ಇದೆ, ಅಲ್ಲಿ ಅಡಗಿಸಬಹುದು. ಈ ಕಾಲಲ್ಲಿ ಹತ್ತುವುದು ಹೇಗೆ? ನೆರೀನೊ ತಳ್ಳುಗಾಡಿ ತಂದ. ಮಗನನ್ನು ಮಲಗಿಸಿ, ಮೇಲೆ ತಂಡದ ಕೊಳೆ ಬಟ್ಟೆ ಹೊದಿಸಿದೆವು.
"ಸಿಕ್ಕಿಬಿದ್ರೆ ನಿನ್ ಚೀಟಿನೂ ಹೋಗತ್ತೆ ಕಣಪ್ಪಾ."
"ಸಿಕ್ಕಿದ್ರೆ ತಾನೆ ದೊಡ್ಡಮ್ಮಾ? ಓಡ್ತೀನಿ."
ಬಟ್ಟೆಯ ಕೆಳಗಿಂದ ಎಲಿಜಿಯೊ: "ಇವ್ನು ಓಡೋದಾ! ಇವ್ನಿಗಿಂತ ಹೇಸರಗತ್ತೆ ವಾಸಿ."
ಹೊರಟರು. ಸೇತುವೆಯ ಮೇಲೆ ಸೈನಿಕರಿದ್ದಾರೆ.

ಅದೇ ದಿನ, ಮಧ್ಯಾಹ್ನ
ಕ್ಲೆಲಿಯಾ ಬಂದು ಕೂತಿದ್ದಾಳೆ. ಇಬ್ಬರೂ ಜಪಸರ ಹಿಡಿದಿದ್ದೇವೆ. ಅವಳ ಮಗ, ನನ್ನ ಮಗ — ಯಾರಿಗೆ ಅಂತ ಬೇರೆ ಮಾಡಿ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.
ಬೀದಿಯಲ್ಲಿ ಗಾಲಿಯ ಸದ್ದು. ಭಾರ ಇಲ್ಲದ ಗಾಡಿ, ಕಲ್ಲಿನ ಮೇಲೆ ಕುಣಿಯುತ್ತಿದೆ. ಯಾರೋ ಸಿಳ್ಳೆ ಹಾಕುತ್ತಿದ್ದಾರೆ — ನೆರೀನೊನದೇ ಸಿಳ್ಳೆ. ಕ್ಲೆಲಿಯಾ ಬಾಗಿಲಿಗೆ ಓಡಿದಳು. ನಾನೂ—