ಕೊನೆಯ ಗೆರೆಗಳ ಗರಗರ

ನುಮಾಜು,
ನವೆಂಬರ್ 9, 1971

ಇಸಾಬುರೊ ಅವರಿಗೆ,

ಚಳಿ ಶುರುವಾಯಿತು, ಎಲೆ ಕೆಂಪಾಯಿತು ಎಂದೆಲ್ಲ ಮೊದಲು ಬರೆಯುವುದು ಕ್ರಮ. ಇವತ್ತು ಆ ಕ್ರಮ ಬಿಟ್ಟಿದ್ದೇನೆ. ಬೆರಳುಗಳ ಕಟ್ಟು ಇನ್ನೂ ಬಿಚ್ಚಿಲ್ಲವೆಂದು ಆಸ್ಪತ್ರೆಯ ನರ್ಸ್ ಕೈಯಲ್ಲಿ ಬರೆಸಿದ್ದೀರಿ. ಓದಿ ನನಗೆ ಅಯ್ಯೋ ಅನಿಸಲಿಲ್ಲ. ನನ್ನ ದವಡೆಯೂ ಸರಿಹೋಗಿಲ್ಲ. ಇಲ್ಲಿ ಅಣ್ಣ ಮಸಾಕಿಚಿಯ ಮನೆ ತುಂಬ ಒಣಮೀನು, ನನಗೆ ಮಾತ್ರ ಗಂಜಿಯೇ ಗತಿ.

ಹೆಂಡತಿಯೇ ಗಂಡನ ಕೈ ಮುರಿದಳೆಂದು ಕಾಮಾಟಾದಲ್ಲಿ ನಮ್ಮ ಬೀದಿಯೆಲ್ಲ ಆಡಿಕೊಳ್ಳುತ್ತಿದೆಯಂತೆ. ಆಡಿಕೊಳ್ಳಲಿ. ಅದಕ್ಕೆ ಮುಂಚೆ ಏನಾಯಿತೆಂಬುದನ್ನೂ ಅವರಿಗೆ ಹೇಳಿ.

ಚಿಹೊ ಹೋದ ಮೇಲೆ ನಮಗೆ ಉಳಿದದ್ದು ಅವಳ ದನಿಯಿರುವ ಆ ಒಂದು ಗ್ರಾಮಫೋನ್ ಪ್ಲೇಟು. ಆರು ವರ್ಷದ ಮಗಳು ಡಿಪಾರ್ಟ್‌ಮೆಂಟ್ ಸ್ಟೋರಿನ ರೆಕಾರ್ಡಿಂಗ್ ಗೂಡಿನಲ್ಲಿ ಹಾಡಿದ್ದು. ಅಂಥ ಮೆತ್ತನೆಯ ಪ್ಲೇಟು ಹಾಕಿದಾಗಲೆಲ್ಲ ಸವೆಯುತ್ತದೆ. ಗೊತ್ತಿದ್ದೂ, ಮುಳ್ಳು ಹೊರುವ ತೋಳು, ನಿಮ್ಮ ಆ ಟೋನ್‌ಆರ್ಮ್, ಹೊಸದು ಮಾಡಿದಾಗಲೆಲ್ಲ ಪರೀಕ್ಷೆಗೆ ಅದನ್ನೇ ಹಾಕುತ್ತಿದ್ದಿರಿ. ಬೇರೆಯವರು ಪಿಟೀಲಿನ ಪ್ಲೇಟು ಹಾಕಿ ಕೇಳುತ್ತಾರೆ. ನಿಮಗೆ ಸತ್ತ ಮಗಳೇ ಬೇಕಿತ್ತು. "ಈ ದನಿ ಗೊತ್ತಿರೋಷ್ಟು ನನ್ನ ಕಿವಿಗೆ ಇನ್ಯಾವ್ದೂ ಗೊತ್ತಿಲ್ಲ ಕಣೇ" ಅನ್ನುತ್ತಿದ್ದಿರಿ.

ಮೊದಲ ದಿನದಿಂದಲೂ ಹಾಡು ಮುಗಿಯುವಾಗ ಗರಗರ. ತೋಳು ಒಂದೇ ಕಡೆ ನಿಂತು ತಿರುಗುವುದರಿಂದ ಪ್ಲೇಟಿನ ಒಳಗಿನ ಗೆರೆಗಳಿಗೆ ಬರುವಾಗ ಮುಳ್ಳು ಓರೆಯಾಗುತ್ತದೆ, ಅಲ್ಲಿ ಗೆರೆಗಳೂ ಇಕ್ಕಟ್ಟು ಎಂದು ನನಗೆ ಪಾಠ ಹೇಳಿದಿರಿ. ತೋಳನ್ನು ಬಗ್ಗಿಸಿದಿರಿ, ಸಪೂರ ಮಾಡಿದಿರಿ. ಪ್ಲೇಟು ಸವೆಯದಿರಲೆಂದು ಮುಳ್ಳಿನ ಭಾರ ಇಳಿಸುತ್ತಲೇ ಹೋದಿರಿ. ಭಾರ ಸಾಲದ ಮುಳ್ಳು ಗೆರೆಯಲ್ಲಿ ಕೂರದೆ ಕುಣಿಯಿತು, ಎರಡೂ ಬದಿಯನ್ನು ಕೆತ್ತಿತು. ಗರಗರ ಇನ್ನೂ ಹೆಚ್ಚಾಯಿತು.

ಆ ಸಂಜೆ ಪ್ಲೇಟನ್ನು ಎದೆಗವಚಿಕೊಂಡು ಕೊಡುವುದಿಲ್ಲ ಎಂದೆ. "ಕೊಡೇ, ಇದೊಂದ್ಸಲ. ಈ ತೋಳು ಸರಿಯಾಗಿದೆ" ಎಂದಿರಿ. "ನಿಮ್ಮ ತೋಳಿಗಿಷ್ಟು ಬೆಂಕಿ ಹಾಕ" ಎಂದೆ. ನಿಮ್ಮ ಕೈಯಲ್ಲಿದ್ದ ಆ ತೋಳಿನ ಹಿತ್ತಾಳೆ ಕೊಳವೆ ದವಡೆಗೆ ಬಿತ್ತು. ಹಲ್ಲು ಕಳಚಿದ್ದು ನಾಲಿಗೆಗೆ ತಿಳಿಯಿತು. ಕೂದಲು ಹಿಡಿದು ತಲೆಯನ್ನು ಮೇಜಿಗೆ ಬಡಿದಿರಿ. ಪ್ಲೇಟು ಕೈತಪ್ಪಿ ಚಾಪೆಯ ಮೇಲೆ ಬಿತ್ತು. ರಕ್ತ ಉಗುಳುತ್ತಿದ್ದ ನನ್ನನ್ನು ಬಿಟ್ಟು ನೀವು ಅದಕ್ಕೆ ಕೈ ಚಾಚಿದಿರಿ. ಪ್ಲೇಟು ತಿರುಗಿಸುವ ಟರ್ನ್‌ಟೇಬಲಿನ ಲೋಹದ ತಟ್ಟೆ ಎತ್ತಿ ಆ ಕೈಯ ಮೇಲೆ ಬಡಿದೆ. ಮತ್ತೆ ಬಡಿದೆ. ಎರಡನೆಯದು ಬೇಕಂತಲೇ. ಮೂಳೆ ಮುರಿದ ಸದ್ದು ಕೇಳಿ ಹೊಟ್ಟೆ ತಣ್ಣಗಾಯಿತು.

ಈಗ ಕೇಳುತ್ತಿದ್ದೀರಿ: ಪ್ಲೇಟು ಎಲ್ಲಿಟ್ಟೆ, ಕೈ ವಾಸಿಯಾದ ಮೇಲೆ ಇನ್ನೊಂದೇ ಒಂದು ತೋಳು ಮಾಡುತ್ತೇನೆ, ಮನೆಗೆ ಬಾ ಎಂದು. ಪ್ಲೇಟು ನನ್ನ ಹತ್ತಿರವಿದೆ. ಅದೂ ಬರುವುದಿಲ್ಲ, ನಾನೂ ಬರುವುದಿಲ್ಲ.

ಇನ್ನು ನಿಮ್ಮವಳಲ್ಲದ,
ಕಿನುಯೊ

ಮರೆತದ್ದು: ನಿನ್ನೆ ಅಣ್ಣ ನನ್ನನ್ನು ರೇಡಿಯೊ ಕೇಂದ್ರದಲ್ಲಿರುವ ಗೆಳೆಯನ ಬಳಿ ಕರೆದುಕೊಂಡು ಹೋಗಿದ್ದ. ಅಲ್ಲಿಯದು ಮೊಳದುದ್ದದ ತೋಳು. ಉದ್ದ ತೋಳಿಗೆ ಓರೆ ಕಡಿಮೆಯಂತೆ. ಮುಳ್ಳಿಗೆ ಸಾಕಷ್ಟು ಭಾರವಿಟ್ಟು, ಒಂದೇ ಸಲ ಹಾಕಿ ಟೇಪಿಗೆ ಇಳಿಸಿಕೊಟ್ಟರು. ಕೊನೆಯ ಗೆರೆಗಳೂ ಕೇಳಿಸಿದವು. ಆವತ್ತು ರೆಕಾರ್ಡಿಂಗ್ ಗೂಡಿನೊಳಗೆ ನೀವೂ ಚಿಹೊ ಇಬ್ಬರೇ ಇದ್ದಿರಿ, ನಾನು ಕೊಡೆ ಹಿಡಿದು ಹೊರಗೆ ಕಾಯುತ್ತಿದ್ದೆ. ಅವಳು ಅಳುತ್ತ ಹೊರಬಂದಾಗ, ರೆಕಾರ್ಡಿಂಗಿನ ಕೆಂಪು ದೀಪಕ್ಕೆ ಹೆದರಿದಳು ಎಂದಿದ್ದಿರಿ. ಟೇಪಿನಲ್ಲಿ ಹಾಡಿನ ಕೊನೆಗೆ ಏಟಿನ ಸದ್ದು. ಆಮೇಲೆ, "ಹೊಡೀಬೇಡಿ ಅಪ್ಪಾ, ಸರಿಯಾಗಿ ಹಾಡ್ತೀನಿ." ಇಷ್ಟು ವರ್ಷ ಆ ಗೆರೆಗಳನ್ನು ಸರಿಪಡಿಸಲು ನೋಡಿದಿರೋ, ಸವೆಸಿ ಅಳಿಸಲು ನೋಡಿದಿರೋ? ಉತ್ತರ ಬರೆಯಬೇಡಿ. ನಿಮ್ಮ ಎಡಗೈ ಇನ್ನೂ ಗಟ್ಟಿಯಾಗಿದೆ. ಇಲ್ಲಿಗೆ ಬಂದರೆ ಅದೂ ಉಳಿಯುವುದಿಲ್ಲ.