ಒಳಗೆ ಬಿಟ್ಟ ಬಟ್ಟೆ

ಅಪ್ಪಾ,

ಇದನ್ನು ಅಣ್ಣನ ಫೋನಿಗೆ ಕಳಿಸುತ್ತೇನೆ, ಅವನು ನಿನ್ನ ಕಿವಿಯ ಹತ್ತಿರ ಕೂತು ಓದುತ್ತಾನೆ. ಉತ್ತರ ಹೇಳಬೇಕೆಂದು ಕಷ್ಟಪಡಬೇಡ. ಲಕ್ವ ಹೊಡೆದ ಮೇಲೆ ನಿನಗೆ ಮಾತು ಹೊರಡುತ್ತಿಲ್ಲವಂತೆ, ಆದರೆ ಎಲ್ಲಾ ಕೇಳಿಸುತ್ತದಂತೆ. ಅಷ್ಟು ಸಾಕು. ಹೊಲಿಗೆ ಅಂಗಡಿಯಲ್ಲಿ ನಾನು ಒಂದೇ ಸಮ ಹರಟುವಾಗಲೂ ನೀನು ದಾರ ಕಚ್ಚಿಕೊಂಡು ಸುಮ್ಮನೆ ಕೇಳುತ್ತಿದ್ದವನೇ. ಈ ಗುಂಡುಸೂಜಿಗೆ ಮೈಗಿಂತ ಬಾಯಿ ದೊಡ್ಡದು ಎಂದು ನನ್ನನ್ನು ನೋಡಿ ನಗುತ್ತಿದ್ದೆ.

ಇಲ್ಲಿ, ಈ ಪರದೇಶದಲ್ಲಿ, ಕ್ರಿಸ್‌ಮಸ್ ಹತ್ತಿರ ಬಂತು. ನಾನು ಆಯಾ ಕೆಲಸ ಮಾಡುವ ಶಾಲೆಯಲ್ಲಿ ಮಕ್ಕಳಿಗೆಲ್ಲ ಉಡುಗೊರೆ ಕೊಡುತ್ತಾರೆ. ಈ ಸಲ, ಚಿತ್ರ ಬಿಡಿಸುವಾಗ ಕಟ್ಟಿಕೊಳ್ಳಲು ಏಪ್ರನ್ ಕೊಡೋಣ ಎಂದು ದೊಡ್ಡ ಮೇಡಂ ಅಂದಾಗ, ನಾನೇ ಹೊಲಿಯುತ್ತೇನೆ ಎಂದು ಕೈ ಎತ್ತಿದೆ. ಟೈಲರ್ ಮಗಳೆಂಬ ಜಂಬ, ಇನ್ನೇನು. ಅದು ನಿನಗೆ ಹೀಗಾಗುವ ಮೊದಲಿನ ಮಾತು.

ನಾನು ಮಾಡಿದ್ದೇನು ಗೊತ್ತೇ? ಪ್ರತಿಯೊಂದಕ್ಕೂ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದೆ. ಸ್ಕೂಲ್ ಯೂನಿಫಾರಂ ಹೊಲಿಯುವಾಗ ನೀನು ಬಿಡುತ್ತಿದ್ದ ಹಾಗೆಯೇ. "ಬೆಳೆಯೋ ಮಕ್ಕಳು ಕಣೇ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡ್ಕೋತಾರೆ" ಅನ್ನುತ್ತಿದ್ದೆಯಲ್ಲ. ಇಲ್ಲಿ ಯಾರೂ ಹೊಲಿಗೆ ಬಿಚ್ಚುವುದಿಲ್ಲ ಅಪ್ಪ, ಗಿಡ್ಡವಾದರೆ ಹೊಸದು ತರುತ್ತಾರೆ. ಗೊತ್ತಿದ್ದೂ ನನ್ನ ಕೈ ಕೇಳಲಿಲ್ಲ. ಕೊನೆಯ ಸಾಲಿನ ಮಕ್ಕಳಿಗೆ ಬರುವಷ್ಟರಲ್ಲಿ ಬಟ್ಟೆ ಮುಗಿದೇ ಹೋಯಿತು. ಅದೇ ಬಣ್ಣದ್ದು ಬೇರೆ ಊರಿನಿಂದ ಬರಬೇಕು.

ಅಷ್ಟರಲ್ಲಿ ನಿನಗೆ ಹೀಗಾಯಿತೆಂದು ಅಣ್ಣನ ಫೋನ್ ಬಂತು. ದೊಡ್ಡ ಮೇಡಂ ಕೆಟ್ಟವರಲ್ಲ. ನನ್ನನ್ನು ಕೂರಿಸಿ ನೀರು ಕೊಟ್ಟರು, ಬೆನ್ನು ಸವರಿದರು. ಆದರೆ ಒಂದು ಮಗುವೂ ಬರಿಗೈಯಲ್ಲಿ ಮನೆಗೆ ಹೋಗಬಾರದು, ಉಡುಗೊರೆ ಹಂಚಿದ ಮೇಲೆಯೇ ರಜೆ ಎಂದರು. ಹೇಳದೆ ಹೊರಟರೆ ಕೆಲಸ ಹೋಗುತ್ತದೆ, ಅದರ ಜೊತೆ ವೀಸಾನೂ ಹೋಗುತ್ತದೆ, ಆಮೇಲೆ ನಿನ್ನ ಔಷಧಿಗೆ ಅಣ್ಣ ಒಬ್ಬನೇ ಏನು ಮಾಡಿಯಾನು? ಒಳಗೆ ಬಟ್ಟೆ ಬಿಡದೆ ಹೊಲಿದಿದ್ದರೆ ಇಷ್ಟು ಹೊತ್ತಿಗೆ ನಿನ್ನ ಮಂಚದ ಪಕ್ಕ ಇರುತ್ತಿದ್ದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗುತ್ತಿಲ್ಲ.

ಈಗ ತರಗತಿಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದೇನೆ. ಹೊಲಿದದ್ದಕ್ಕೆಲ್ಲ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿಯಾಯಿತು. ಬಟ್ಟೆ ಬರಲೆಂದು ಮೆಷಿನ್ ಕಾಯುತ್ತಿದೆ, ನಾನೂ ಕಾಯುತ್ತಿದ್ದೇನೆ. ಗೇಟಿನ ಹತ್ತಿರ ಗಾಡಿ ಸದ್ದಾದರೆ ಕಿಟಕಿಗೆ ಓಡುತ್ತೇನೆ. ನೋಡಿದರೆ ಕಸದ ಗಾಡಿ. ಮುಂದಿನ ಹಲ್ಲು ಬಿದ್ದ ಒಬ್ಬಳು ಚೋಟುದ್ದದವಳು ನಿನ್ನೆ ಬಂದು, ತನ್ನ ಉಡುಗೊರೆ ಎಲ್ಲಿ ಎಂದು ಕೇಳಿದಳು. ಬರುತ್ತೆ ಅಂದೆ. ಅಪ್ಪ ಬಾಗಿಲ ಕಡೆಗೇ ನೋಡುತ್ತಾ ಮಲಗಿರುತ್ತಾನೆ ಎಂದು ಅಣ್ಣ ಹೇಳಿದಾಗಲೂ, ಬರ್ತೀನಿ ಅಂದಿದ್ದೆ. ಎರಡೂ ನನ್ನ ಕೈಯಲ್ಲಿಲ್ಲ.

ಇನ್ನು ಯಾವ ಗಳಿಗೆಯೋ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಅಣ್ಣಾ, ಈ ಸಾಲನ್ನು ನುಂಗಬೇಡ, ಓದು. ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ.

ಅಪ್ಪಾ, ಕಂಡವರ ಮಕ್ಕಳಿಗೆಲ್ಲ ಒಳಗೆ ಬಟ್ಟೆ ಬಿಟ್ಟು ಹೊಲಿದವನು ನೀನು. ನಿನಗೂ ಒಂದಿಷ್ಟು ಬಿಟ್ಟುಕೊಂಡಿರುತ್ತೀಯ ಅಲ್ಲವೇ? ಈಗ ಅದನ್ನು ಬಿಚ್ಚು. ನಾಲ್ಕು ಬೆರಳು ಕೇಳುತ್ತಿಲ್ಲ, ನಾನು ಬಂದು ತಲುಪುವಷ್ಟು ಸಾಕು.

ಈ ಸಲ ಆಶೀರ್ವಾದವೂ ಬೇಡ, ನೀನಿರು.

ನಿನ್ನ ಗುಂಡುಸೂಜಿ